ಐದನೇ ನಂಬರಿನ ಬೂಟು

ಕೇಳುಗರೆಲ್ಲರಿಗೂ ನಮಸ್ಕಾರ.

2019ರ ಆಗಸ್ಟ್ ನೆನಪಿದೆ ಅಲ್ವಾ? ಕೃಷ್ಣಾ, ಮಲಪ್ರಭಾ, ಘಟಪ್ರಭಾ ಮೂರೂ ಒಟ್ಟಿಗೇ ಉಕ್ಕಿ ಬಂದ ತಿಂಗಳು. ಆಗ ನಾನು ಹೊಳೆದಂಡೆಯ ಒಂದು ತಾಲೂಕಿನ ಕಂಟ್ರೋಲ್ ರೂಮಿನಲ್ಲಿ ಕೆಲಸ ಮಾಡುತ್ತಿದ್ದೆ. ಮೊದಲ ದಿನವೇ ನೀರು ನಿಂತ ಓಣಿಗೆ ಹೋಗಬೇಕಾಯಿತು. ಸ್ಟೋರಿನಿಂದ ಗಂಬೂಟು ತಂದುಕೊಟ್ಟರು. ಇದ್ದುದರಲ್ಲಿ ಚಿಕ್ಕದು ಎಂಟನೇ ನಂಬರು. ನನ್ನ ಕಾಲಿನದು ಐದು. ಹಳೇ ಪೇಪರ್ ಮುದ್ದೆ ಮಾಡಿ ಬೆರಳಿನ ಕಡೆ ತುರುಕಿದೆ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಪೇಪರ್ ನೆನೆದು ಗಂಜಿಯಾಯಿತು. ಬೂಟು ಕೆಸರಿನಲ್ಲೇ ಉಳಿಯಿತು, ಕಾಲು ಮಾತ್ರ ಮೇಲೆ ಬಂತು.

ಇದೇನು ದೊಡ್ಡ ವಿಷಯ ಅನ್ನಿಸಬಹುದು. ನೆರೆ ನೀರಿಗೆ ಇಳಿದವರಿಗೆ ಗೊತ್ತು. ಬೂಟು ಜಾರಿದರೆ ಬೀಳುತ್ತೀರಿ. ಬಿದ್ದವರನ್ನು ಎತ್ತಲು ಇನ್ನಿಬ್ಬರು ಬೇಕು. ದೋಣಿಗೆ ಕಾಯುತ್ತಿರುವ ಮನೆಗಳು ಅಷ್ಟು ಹೊತ್ತು ಕಾಯುತ್ತಲೇ ಇರುತ್ತವೆ.

ಅವತ್ತಿನ ರಾತ್ರಿ ಪಾಳಿಯಲ್ಲಿ ನಾನೊಬ್ಬಳೇ ಹೆಂಗಸು. ಬಾತ್‌ರೂಮಿಗೆ ಚಿಲಕ ಇರಲಿಲ್ಲ. ಕೇಳಲು ಸಂಕೋಚ. ಊರು ಮುಳುಗುತ್ತಿರುವಾಗ ಚಿಲಕ ಕೇಳುವುದು ಹೇಗೆ ಅಂತ ಸುಮ್ನೆ ಇದ್ದೆ. ಸಂಜೆ ಆರರ ಮೇಲೆ ನೀರು ಕುಡಿಯುವುದನ್ನೇ ಬಿಟ್ಟೆ.

ರಾತ್ರಿ ಎರಡು ಗಂಟೆ ಸುಮಾರಿಗೆ ಒಂದು ಫೋನ್ ಬಂತು. ನಮ್ಮ ಸಹೋದ್ಯೋಗಿ ಎತ್ತಿದರು. ಒಳ್ಳೆಯ ಮನುಷ್ಯ, ಸಮಾಧಾನವಾಗಿಯೇ ಕೇಳಿದರು. ಆ ಕಡೆಯ ಹೆಂಗಸು ಊರಿನ ಹೆಸರು ಹೇಳಿದಳು, ಐದು ಮಂದಿ ಇದ್ದೇವೆ ಎಂದಳು. ಆಮೇಲೆ ಮಾತಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಅಲ್ಲಿ ಹೆಣ್ಮಕ್ಕಳು ಯಾರರ ಅದಾರೇನ್ರಿ?" ಅಂದಳು. ನಾನು ಫೋನ್ ತೆಗೆದುಕೊಂಡೆ. ಮಗಳಿಗೆ ಹೆರಿಗೆಯಾಗಿ ನಾಲ್ಕು ದಿನ. ರಕ್ತ ನಿಲ್ಲುತ್ತಿಲ್ಲ. ಗಂಡಸಿನ ಮುಂದೆ ಹೇಳಲು ಆಕೆಗೆ ಬಾಯಿ ಬಂದಿರಲಿಲ್ಲ. ನಮ್ಮ ಪಟ್ಟಿಯಲ್ಲಿ ಆ ಮನೆ 'ಐದು ಜನ, ಮಾಳಿಗೆ ಮೇಲೆ' ಅಂತ ಬರೆದಾಗಿತ್ತು. ಅದರ ಸರದಿಗೆ ಇನ್ನೂ ಬಹಳ ಹೊತ್ತಿತ್ತು. ನಾನು ಫೋನ್ ಇಟ್ಟ ಕೂಡಲೇ ದೋಣಿಯನ್ನು ಮೊದಲು ಅಲ್ಲಿಗೇ ತಿರುಗಿಸಿದರು.

ಅದೇ ರಾತ್ರಿ ಇನ್ನೊಂದು ಫೋನ್ ಮಾಡಿದೆ. ಹೊಳೆಯ ಮೇಲಿನ ತಾಲೂಕಿಗೆ, ನೀರಿನ ಮಟ್ಟ ಕೇಳಲು. ಅಲ್ಲೂ ಎತ್ತಿದ್ದು ಹೆಂಗಸು. ಮಟ್ಟ ಹೇಳಿದರು, ಬರೆದುಕೊಂಡೆ. ಕೆಲಸದ ಮಾತು ಮುಗಿಯಿತು. ಆದರೆ ಇಬ್ಬರೂ ಫೋನ್ ಇಡಲಿಲ್ಲ. "ಕಾಲಿಗೆ ಬೂಟು ಸಿಕ್ತೇನವ್ವಾ?" ಅಂತ ಕೇಳಿದರು. ನನಗೆ ಗಂಟಲು ಕಟ್ಟಿತು. ಚಿಲಕದ ವಿಷಯವನ್ನೂ ಹೇಳಿಬಿಟ್ಟೆ.

ಅವರು ಅಯ್ಯೋ ಪಾಪ ಅನ್ನಲಿಲ್ಲ. "ಮಳಿ ಬಂದ ಮ್ಯಾಲೆ ಕೇಳಿದ್ರ ಕೊಡಾಕ ಏನೂ ಇರಂಗಿಲ್ಲ. ಮೇ ತಿಂಗಳಾಗ ಮುಂಗಾರಿನ ಮೀಟಿಂಗ್ ಆಗ್ತದಲ್ಲ, ಅದರ ಮೊದಲ ಬೇಕಾದ ಸಾಮಾನಿನ ಇಂಡೆಂಟ್ ಹಾಕು. ಬೂಟಿನ ನಂಬರ್ ಸಮೇತ ಬರಿ. ಪಾಳಿಗೆ ಒಬ್ಬೊಬ್ಬರನ್ನ ಹಾಕಿದ್ರ ಬ್ಯಾಡ ಅನ್ನು. ಇಬ್ಬರನ್ನ ಜೋಡಿ ಹಾಕ್ಸು" ಅಂದರು. ಇಂಥ ಮಾತು ಯಾವ ಕೈಪಿಡಿಯಲ್ಲಿ ಸಿಗುತ್ತದೆ? ಎಷ್ಟೋ ಮಳೆಗಾಲ ಕಂಡವರ ಬಾಯಿಂದಲೇ ಬರಬೇಕು. ಅವರ ನಂಬರನ್ನು ಡ್ಯೂಟಿ ಚೀಟಿಯ ಹಿಂದೆ ಬರೆದುಕೊಂಡೆ.

ಇಂಥ ಕೆಲಸದಲ್ಲಿ ನಮ್ಮ ಹೆಂಗಸರು ಕಡಿಮೆಯೇನಿಲ್ಲ. ಆಶಾ ಕಾರ್ಯಕರ್ತೆಯರನ್ನೇ ನೋಡಿ. ಸುಮಾರು ಸಾವಿರ ಜನಕ್ಕೆ ಒಬ್ಬರು ಇರಬೇಕೆಂಬುದು ಲೆಕ್ಕ. ಯಾರ ಮನೆಯಲ್ಲಿ ಎಂಟು ತಿಂಗಳ ಬಸುರಿ ಇದ್ದಾಳೆ, ಯಾರು ಹಾಸಿಗೆ ಹಿಡಿದಿದ್ದಾರೆ, ಯಾರಿಗೆ ಇನ್ಸುಲಿನ್ ಬೇಕು, ಎಲ್ಲ ಅವರಿಗೆ ಗೊತ್ತು. ನೆರೆ ಬಂದಾಗ ಇದಕ್ಕಿಂತ ದೊಡ್ಡ ಮಾಹಿತಿ ಇನ್ನೇನಿದೆ? ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2016ರಲ್ಲಿ ಶುರು ಮಾಡಿದ ಆಪದ ಮಿತ್ರ ಎಂಬ ಸ್ವಯಂಸೇವಕರ ಯೋಜನೆಯಲ್ಲಿ 12 ದಿನ ರಕ್ಷಣಾ ಕೆಲಸದ ತರಬೇತಿ ಪಡೆದ ಹುಡುಗಿಯರಿದ್ದಾರೆ. ಅಂಗನವಾಡಿಯವರು, ನರ್ಸ್‌ಗಳು, ಫೋನ್ ಎತ್ತುವವರು ಇದ್ದಾರೆ. ಎಲ್ಲರೂ ಇದ್ದಾರೆ, ಒಬ್ಬರಿಗೊಬ್ಬರ ಪರಿಚಯವಿಲ್ಲ. ನನಗೆ ಜಾಸ್ತಿ ಸಂಕಟವಾಗುವುದು ಇದೇ. ಪಕ್ಕದ ತಾಲೂಕಿನವಳು ಹೋದ ವರ್ಷ ಕಷ್ಟಪಟ್ಟು ಕಲಿತಿದ್ದನ್ನು ಈ ವರ್ಷ ಇವಳು ಮತ್ತೆ ಮೊದಲಿನಿಂದ ಕಲಿಯುತ್ತಾಳೆ.

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಗುಡ್ಡ ಕುಸಿಯಿತು. ಚೂರಲ್‌ಮಲದ ಸೇತುವೆ ಕೊಚ್ಚಿಹೋಗಿ ಮುಂಡಕ್ಕೈಗೆ ದಾರಿಯೇ ಇಲ್ಲದಾಯಿತು. ಅಲ್ಲಿ 190 ಅಡಿಯ ಬೈಲಿ ಸೇತುವೆ, ಅಂದರೆ ಸಿದ್ಧ ಉಕ್ಕಿನ ತುಂಡುಗಳನ್ನು ಜೋಡಿಸುವ ಸೇತುವೆ, ಕಟ್ಟಿ ಆಗಸ್ಟ್ 1ರ ಹೊತ್ತಿಗೆ ಮುಗಿಸಿದ್ದು ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್. ಹೆಸರು ಮದ್ರಾಸಿನದಾದರೂ ಅದರ ಮನೆ ನಮ್ಮ ಬೆಂಗಳೂರಿನ ಹಲಸೂರು. ಆ ಕೆಲಸದ ಮುಂಚೂಣಿಯಲ್ಲಿ ಇದ್ದವರು ಮೇಜರ್ ಸೀತಾ ಶೆಲ್ಕೆ. ಸೇತುವೆಯ ಮೇಲೆ ನಿಂತ ಅವರ ಫೋಟೊ ನನಗೆ ಬಂದಷ್ಟು ಸಲ ನಾನೂ ಬೇರೆಯವರಿಗೆ ಕಳಿಸಿದ್ದೇನೆ. ತುಂಬಾ ಹೆಮ್ಮೆಯಾಯಿತು. ಆದರೆ ಒಬ್ಬರ ಫೋಟೊ ನೋಡಿ ಚಪ್ಪಾಳೆ ತಟ್ಟಿ ಸುಮ್ಮನಾದರೆ, ಮುಂದೆ ಬರುವ ಹುಡುಗಿಯ ಕಾಲಿಗೆ ಬೂಟು ಸಿಗುವುದಿಲ್ಲ.

ಒಬ್ಬಿಬ್ಬರು ಹೆಂಗಸರಿದ್ದರೆ ಸಾಲದು ಎಂಬುದನ್ನು ಬಾಂಗ್ಲಾದೇಶದವರು ಬಹಳ ಕಷ್ಟದಿಂದ ಕಲಿತರು. 1991ರ ಏಪ್ರಿಲ್ 29ರಂದು ಅಲ್ಲಿನ ಕರಾವಳಿಗೆ ಅಪ್ಪಳಿಸಿದ ಚಂಡಮಾರುತದಲ್ಲಿ ಸತ್ತವರು ಸುಮಾರು 1,38,000 ಎಂದು ಅಂದಾಜು. ಗಂಡಸರಿಗಿಂತ ಹೆಂಗಸರೇ ಹೆಚ್ಚು ಸತ್ತರು. ಎಚ್ಚರಿಕೆ ಕೊಟ್ಟಿರಲಿಲ್ಲ ಅಂತಲ್ಲ. ಎಚ್ಚರಿಕೆ ಮುಟ್ಟಿದ್ದು ಗಂಡಸರಿಗೆ ಜಾಸ್ತಿ. ಗಂಡ ಬರದೆ ಮನೆ ಬಿಡುವುದು ಹೇಗೆ ಎಂದು ಎಷ್ಟೋ ಜನ ಕಾದರು. ಕಂಕುಳಲ್ಲಿ ಕೂಸು, ಕಾಲಿಗೆ ಸುತ್ತಿಕೊಳ್ಳುವ ಸೀರೆ. ಅಪರಿಚಿತ ಗಂಡಸರು ತುಂಬಿದ ಆಶ್ರಯ ಕಟ್ಟಡಕ್ಕೆ ಹೋಗಲು ಹಿಂಜರಿಕೆ.

ಚಂಡಮಾರುತಕ್ಕೆ ಸಿದ್ಧರಾಗುವ ಒಂದು ಸ್ವಯಂಸೇವಕ ಪಡೆ ಅಲ್ಲಿ 1972ರಿಂದಲೇ ಇತ್ತು. ಈಗ ಅದರಲ್ಲಿ 76,000ಕ್ಕೂ ಹೆಚ್ಚು ಜನರಿದ್ದಾರೆ, ಅರ್ಧ ಹೆಂಗಸರು. ಒಂದು ತಂಡಕ್ಕೆ 20 ಮಂದಿ, ಅದರಲ್ಲಿ 10 ಹೆಂಗಸರು. ಅವರು ಅಡುಗೆಮನೆ ಬಾಗಿಲಿಗೇ ಬಂದು, ಏಳವ್ವಾ ಹೋಗೋಣ ಅನ್ನಬಲ್ಲರು. ಈಚಿನ ಚಂಡಮಾರುತಗಳಲ್ಲಿ ಅಲ್ಲಿ ಸಾವು ಎಷ್ಟೋ ಪಟ್ಟು ಇಳಿದಿದೆ. ಮುನ್ಸೂಚನೆ, ಗಟ್ಟಿ ಕಟ್ಟಡಗಳ ಪಾಲೂ ಅದರಲ್ಲಿ ದೊಡ್ಡದು. ನನ್ನ ಮನಸ್ಸಿಗೆ ಹಿಡಿಸಿದ್ದು ಆ ಹತ್ತು ಅನ್ನುವ ಲೆಕ್ಕ. ಹತ್ತು ಮಂದಿ ಇರುವ ಕಡೆ ಚಿಲಕ ಕೇಳಲು ಯಾರಿಗೂ ಸಂಕೋಚ ಇರುವುದಿಲ್ಲ.

ಈ ಕೆಲಸದಲ್ಲಿರುವ ಅಕ್ಕತಂಗಿಯರು ಈಗ ಕೇಳುತ್ತಿದ್ದರೆ, ಮಳೆ ಶುರುವಾಗುವ ಮುಂಚೆ ಮೂರು ನಂಬರ್ ಬರೆದಿಟ್ಟುಕೊಳ್ಳಿ. ಹೊಳೆಯ ಮೇಲಿನ ತಾಲೂಕಿನವಳದು, ಕೆಳಗಿನ ತಾಲೂಕಿನವಳದು, ಹತ್ತಿರದ ಆಸ್ಪತ್ರೆಯ ನರ್ಸಿನದು. ಒಂದು ಸಲ ಸುಮ್ನೆ ಫೋನ್ ಮಾಡಿ ಮಾತಾಡಿ. ಪಾಳಿ ಹಾಕುವ ಅಧಿಕಾರಿಗಳೇ, ಇಬ್ಬರನ್ನು ಜೊತೆಗೆ ಹಾಕಿ. ನೆರೆ ಇಳಿದ ಮೇಲೂ ಒಂದು ದಿನ ಇವರನ್ನೆಲ್ಲ ಒಂದು ಕಡೆ ಕೂರಿಸಿ. ಕಂಡಿದ್ದು ಕೇಳಿದ್ದನ್ನೆಲ್ಲ ಮನೆಯಲ್ಲಿ ಹೇಳಲು ಆಗುವುದಿಲ್ಲ. ಅದೇ ಕೆಲಸ ಮಾಡಿದವಳ ಮುಂದೆ ಹೇಳಬಹುದು.

2020ರ ಮೇ ತಿಂಗಳು ಲಾಕ್‌ಡೌನ್ ಇತ್ತು. ಮುಂಗಾರಿನ ಮೀಟಿಂಗ್ ವಿಡಿಯೊದಲ್ಲಿ ಅಂತ ಗೊತ್ತಾಯಿತು. ಹಿಂದಿನ ದಿನ ಸಂಜೆ ಹೊಳೆಯ ಮೇಲಿನ ತಾಲೂಕಿನ ಆ ಹೆಂಗಸಿನ ಫೋನ್. "ಬರದ್ಯೋ ಇಲ್ಲೋ?" ಅಂದರು. ಅವರು ಫೋನ್ ಹಿಡಿದಿರುವಾಗಲೇ ಬರೆದೆ: ಗಂಬೂಟು, ಐದನೇ ನಂಬರು ಎರಡು ಜೊತೆ, ಆರನೇ ನಂಬರು ಒಂದು ಜೊತೆ. ಕೆಳಗೆ, ಬಾತ್‌ರೂಮಿಗೆ ಚಿಲಕ. ಜೂನ್ ಕೊನೆಗೆ ಬೂಟು ಬಂತು. ಚಿಲಕಕ್ಕೆ ಇನ್ನೂ ಒಂದು ತಿಂಗಳು ಹಿಡಿಯಿತು.

ನಮಸ್ಕಾರ.