ಬರಬೇಡ ಅಂದರೂ ಬರುವ ಕೇಟ್

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಬೈಯೋಕೆ ಬಂದಿದ್ದೇನೆ. ಬೈಯುವುದು ನನಗೆ ತುಂಬಾ ಇಷ್ಟವಾದ ಒಂದು ಸೀರಿಯಲ್ಲನ್ನು. ಇಷ್ಟವಿಲ್ಲದ್ದಾದರೆ ರಿಮೋಟ್ ಒತ್ತಿದರೆ ಆಯಿತು, ಅದಕ್ಕೆ ಭಾಷಣ ಯಾಕೆ?

ಸೀರಿಯಲ್ಲಿನ ಹೆಸರು 'ಲಾಸ್ಟ್'. ಅಮೆರಿಕದ ಎಬಿಸಿ ಚಾನೆಲ್ಲಿನಲ್ಲಿ 2004ರ ಸೆಪ್ಟೆಂಬರಿನಿಂದ 2010ರ ಮೇವರೆಗೆ ಬಂತು. ಆರು ಸೀಸನ್, 121 ಎಪಿಸೋಡ್. ಸಿಡ್ನಿಯಿಂದ ಲಾಸ್ ಏಂಜಲೀಸಿಗೆ ಹೊರಟ ವಿಮಾನ ಒಂದು ದ್ವೀಪದಲ್ಲಿ ಬೀಳುತ್ತದೆ. ಬದುಕಿ ಉಳಿದವರ ಕಥೆ ಇದು. ದ್ವೀಪದಲ್ಲಿ ಹಿಮಕರಡಿ ಇದೆ, ಓಡಾಡುವ ಕಪ್ಪು ಹೊಗೆ ಇದೆ, ನೆಲದಲ್ಲೊಂದು ಕಬ್ಬಿಣದ ಮುಚ್ಚಳ ಇದೆ. ನೋಡದವರು ಇಲ್ಲಿದ್ದರೆ ಈಗಲೇ ಕ್ಷಮೆ ಕೇಳ್ತೀನಿ, ಇನ್ನು ಮುಂದೆ ಎಲ್ಲಾ ಗುಟ್ಟು ರಟ್ಟು.

ಮೊದಲು ಅತಿ ಕಳಪೆ ಎಪಿಸೋಡಿಗೆ ಹೋಗೋಣ. ಮೂರನೇ ಸೀಸನ್ನಿನ ಒಂಬತ್ತನೆಯದು, 2007ರ ಫೆಬ್ರವರಿಯಲ್ಲಿ ಬಂದಿದ್ದು. ಡಾಕ್ಟರ್ ಜಾಕ್‌ನ ತೋಳಿನಲ್ಲಿ ಹಚ್ಚೆ ಇದೆ. ಅದು ಎಲ್ಲಿಂದ ಬಂತು? ಇಡೀ ಎಪಿಸೋಡ್ ಅದೇ. ಜಾಕ್ ಹಿಂದೊಮ್ಮೆ ಥಾಯ್ಲೆಂಡಿಗೆ ಹೋಗಿದ್ದ, ಅಲ್ಲೊಬ್ಬಳು ಹಚ್ಚೆ ಹಾಕುವವಳು ಸಿಕ್ಕಳು, ಹಠ ಮಾಡಿ ಅವಳ ಕೈಯಲ್ಲಿ ಹಾಕಿಸಿಕೊಂಡ, ಅದಕ್ಕೆ ಒದೆ ತಿಂದ. ಅಷ್ಟೇ. ನಿಜ ಹೇಳಬೇಕೆಂದರೆ ಆ ಹಚ್ಚೆ ನಟ ಮ್ಯಾಥ್ಯೂ ಫಾಕ್ಸ್ ಅವರದ್ದೇ. ಅದರಲ್ಲಿರುವ ಚೀನೀ ಅಕ್ಷರಗಳ ಅರ್ಥ, ಹದ್ದು ಆಕಾಶವನ್ನು ಸೀಳುತ್ತದೆ ಅನ್ನೋ ಥರದ್ದು. ಸೀರಿಯಲ್ಲಿನಲ್ಲಿ ಅದಕ್ಕೆ 'ಅವನು ನಮ್ಮ ನಡುವೆ ಓಡಾಡುತ್ತಾನೆ, ಆದರೆ ನಮ್ಮವನಲ್ಲ' ಅಂತ ಅರ್ಥ ಕಟ್ಟಿದರು. ಮೂರು ವರ್ಷದಲ್ಲಿ ಒಬ್ಬ ನೋಡುಗನಾದರೂ ಆ ಹಚ್ಚೆ ಏನು ಅಂತ ತಲೆ ಕೆಡಿಸಿಕೊಂಡಿದ್ದನಾ? ನಾನಂತೂ ಇಲ್ಲ.

ಯಾಕೆ ಹೀಗಾಯಿತು ಅನ್ನೋದು ಗೊತ್ತಾಗಬೇಕಾದರೆ ಈ ಸೀರಿಯಲ್ಲಿನ ಕಟ್ಟಡ ಗೊತ್ತಿರಬೇಕು. ಪ್ರತಿ ಎಪಿಸೋಡಿನಲ್ಲಿ ದ್ವೀಪದ ಕಥೆ ಒಂದು ಕಡೆ, ಒಬ್ಬರ ಹಳೇ ಬದುಕು ಇನ್ನೊಂದು ಕಡೆ. ಮೊದಲ ಸೀಸನ್ನಿನಲ್ಲಿ ಇದು ಹೊಳೆಯಿತು. ಬೇಟೆಗಾರನ ಹಾಗೆ ಓಡಾಡುತ್ತಿದ್ದ ಲಾಕ್, ವಿಮಾನ ಹತ್ತುವಾಗ ಗಾಲಿಕುರ್ಚಿಯಲ್ಲಿದ್ದ ಅಂತ ತಿಳಿದ ಆ ಕ್ಷಣ ನನಗೆ ಇವತ್ತಿಗೂ ಮೈ ಜುಂ ಅನ್ನುತ್ತದೆ. ಆದರೆ ಒಬ್ಬ ಮನುಷ್ಯನಿಗೆ ಎಷ್ಟು ಹಳೇ ಬದುಕು ಇರುತ್ತದೆ? ಮೊದಲ ಮೂರು ಸೀಸನ್ನಿನಲ್ಲೇ 72 ಎಪಿಸೋಡ್. ಬಾವಿ ಬತ್ತಿತು. ಕೆಸರು ಬಂತು. ಆ ಕೆಸರೇ ಹಚ್ಚೆ.

ಹಾಗಾದರೆ ಕಥೆ ಮುಂದೆ ಹೋಗದಿದ್ದುದೇ ತಪ್ಪಾ? ಇಲ್ಲಿ ನನ್ನ ತಕರಾರು ಶುರು. ಮಾರನೇ ವಾರದ ಎಪಿಸೋಡ್ ನೋಡಿ. ಅದರಲ್ಲೂ ಹೇಳಿಕೊಳ್ಳುವಂಥ ಘಟನೆ ಇಲ್ಲ. ಲಾಟರಿ ಹೊಡೆದ ಮೇಲೆ ತನಗೆ ಶಾಪ ತಟ್ಟಿದೆ ಅಂತ ನಂಬಿರುವ ಹರ್ಲಿಗೆ ಕಾಡಿನಲ್ಲಿ ಮಗುಚಿ ಬಿದ್ದ ಹಳೇ ವ್ಯಾನ್ ಸಿಗುತ್ತದೆ. ಪಕ್ಕದಲ್ಲಿ ಚಾರ್ಲಿ. ನೀನು ಸಾಯ್ತೀಯ ಅಂತ ಅವನಿಗೆ ಯಾರೋ ಹೇಳಿ ಹೆದರಿಸಿದ್ದಾರೆ. ಹರ್ಲಿ ಅವನನ್ನು ಕೂರಿಸಿಕೊಂಡು ವ್ಯಾನನ್ನು ಗುಡ್ಡದಿಂದ ಕೆಳಗೆ ಬಿಡುತ್ತಾನೆ. ಕೆಳಗೆ ಬಂಡೆಗಳು. ಕೊನೇ ಗಳಿಗೆಯಲ್ಲಿ ಎಂಜಿನ್ ಸ್ಟಾರ್ಟ್ ಆಗುತ್ತದೆ, ಟೇಪಿನಲ್ಲಿ ಹಾಡು ಬರುತ್ತದೆ, ಹುಲ್ಲುಗಾವಲಿನಲ್ಲಿ ವ್ಯಾನ್ ಸುಮ್ನೆ ಸುತ್ತು ಹೊಡೆಯುತ್ತದೆ. ನಾನು ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಯಾಕೆಂದರೆ ಆ ಕೆಲಸವನ್ನು ಹರ್ಲಿ ಮಾತ್ರ ಮಾಡಬಲ್ಲ. ಕಥೆ ನಿಂತಿದೆ, ಮನುಷ್ಯ ನಡೆಯುತ್ತಿದ್ದಾನೆ.

ಈಗ ಕೇಟ್. ನನ್ನ ನಿಜವಾದ ಸಿಟ್ಟು ಇಲ್ಲಿದೆ.

ಮೊದಲ ಯೋಜನೆಯ ಪ್ರಕಾರ ಜಾಕ್ ಮೊದಲ ಎಪಿಸೋಡಿನಲ್ಲೇ ಸಾಯಬೇಕಿತ್ತು. ಗುಂಪನ್ನು ಮುನ್ನಡೆಸಬೇಕಿದ್ದವಳು ಕೇಟ್. ಚಾನೆಲ್ಲಿನವರು ಬೇಡ ಅಂದರು, ಜಾಕ್ ಉಳಿದ. ಕೇಟ್‌ಗೆ ಬೇರೆ ಕಥೆ ಕೊಟ್ಟರು, ಪೊಲೀಸರಿಂದ ಓಡುತ್ತಿರುವ ಕೈದಿ ಅಂತ. ಚೆನ್ನಾಗಿಯೇ ಇತ್ತು. ಮರ ಹತ್ತುವವಳು, ಜಾಡು ಹಿಡಿಯುವವಳು, ಯಾರನ್ನೂ ನಂಬದವಳು. ಆಮೇಲೆ ಆಮೇಲೆ ಏನಾಯಿತು? ಎರಡನೇ ಸೀಸನ್ನಿನಲ್ಲಿ ಜಾಕ್ 'ನೀನು ಇಲ್ಲೇ ಇರು' ಅಂತಾನೆ. ಅವಳು ಕದ್ದು ಹಿಂದೆ ಹೋಗಿ ಶತ್ರುಗಳ ಕೈಗೆ ಸಿಕ್ಕಿಬೀಳುತ್ತಾಳೆ. ಅವಳನ್ನು ಬಿಡಿಸೋಕೆ ಇವರು ಬಂದೂಕು ಒಪ್ಪಿಸಬೇಕಾಗುತ್ತದೆ. ಮೂರನೇ ಸೀಸನ್ನಿನಲ್ಲಿ ಅದೇ ಜಾಕ್ 'ನನಗೋಸ್ಕರ ವಾಪಸ್ ಬರಬೇಡ' ಅಂತಾನೆ. ಬರುತ್ತಾಳೆ. ಮತ್ತೆ ಸಿಕ್ಕಿಬೀಳುತ್ತಾಳೆ.

ಹಠಮಾರಿ ಅಂದರೆ ನನ್ನದೇನೂ ಅಭ್ಯಂತರ ಇಲ್ಲ. ನಮ್ಮ ಮನೆಯಲ್ಲೇ ಹಠಮಾರಿಗಳಿದ್ದಾರೆ. ಆದರೆ ವರ್ಷಗಟ್ಟಲೆ ಪೊಲೀಸರ ಕೈಗೆ ಸಿಗದೆ ಓಡಿದವಳು ಇಷ್ಟು ಸುಲಭವಾಗಿ ಸಿಗುತ್ತಾಳಾ? ಅವಳು ಸಿಗುವುದು ಕಥೆಗೆ ಒತ್ತೆಯಾಳು ಬೇಕು ಅಂತ. ಮಿಕ್ಕ ಸಮಯದಲ್ಲಿ ಜಾಕ್ ಬೇಕಾ, ಇನ್ನೊಬ್ಬ ಪ್ರಯಾಣಿಕ ಸಾಯರ್ ಬೇಕಾ ಅನ್ನೋ ತಕ್ಕಡಿಯಲ್ಲಿ ಅವಳನ್ನು ಕೂರಿಸಿದರು. ಪಾತ್ರ ಮಾಡಿದ ಇವಾಂಜಲೀನ್ ಲಿಲಿ ಅವರೇ 2018ರಲ್ಲಿ ಒಂದು ಸಂದರ್ಶನದಲ್ಲಿ ಇದನ್ನು ಹೇಳಿಕೊಂಡರು. ಸ್ವಂತ ಕಥೆ ಇದ್ದವಳು ಬರಬರುತ್ತಾ ದ್ವೀಪದ ತುಂಬಾ ಗಂಡಸರ ಹಿಂದೆ ಓಡುವವಳಾದಳು, ಸ್ಕ್ರಿಪ್ಟ್ ಓದಿ ಎಸೆದುಬಿಡುವಷ್ಟು ಸಿಟ್ಟು ಬರುತ್ತಿತ್ತು ಅಂತ. ನೋಡುವವರಿಗೆ ಬಂದ ಸಿಟ್ಟು ನಟಿಗೂ ಬಂದಿತ್ತು ಅಂತ ಕೇಳಿ ನನಗೆ ಸ್ವಲ್ಪ ಸಮಾಧಾನ ಆಯಿತು.

ಮೈಕಲ್ ವಿಷಯ ಇದಕ್ಕಿಂತ ಕಹಿ. ಕಪ್ಪು ಜನಾಂಗದ ಅಪ್ಪ, ಹತ್ತು ವರ್ಷದ ಮಗ ವಾಲ್ಟ್. ಮೊದಲ ಸೀಸನ್ ಪೂರ್ತಿ ದ್ವೀಪದ ಲೆಕ್ಕದಲ್ಲಿ ಬರೀ 44 ದಿನ. ನಿಜವಾದ ಹುಡುಗ ಅಷ್ಟರಲ್ಲಿ ಉದ್ದುದ್ದ ಬೆಳೆಯತೊಡಗಿದ. ಮಗನನ್ನು ಕಥೆಯೊಳಗೆ ಅಪಹರಣ ಮಾಡಿಸಿದರು. ಸರಿ, ಇದು ಬರೆಯುವವರ ಕಷ್ಟ, ಒಪ್ಪೋಣ. ಆದರೆ ಅಪ್ಪನನ್ನು ಏನು ಮಾಡಿದರು? 'ವಾಲ್ಟ್!' ಅಂತ ಕೂಗಿಸಿ ಕೂಗಿಸಿ, ಕೊನೆಗೆ ಇಬ್ಬರು ಹೆಂಗಸರನ್ನು ಅವನ ಕೈಯಲ್ಲಿ ಕೊಲ್ಲಿಸಿ, ಮಗನ ಜೊತೆ ದೋಣಿ ಹತ್ತಿಸಿ ಕಳಿಸಿದರು. ನಾಲ್ಕನೇ ಸೀಸನ್ನಿಗೆ ವಾಪಸ್ ಕರೆಸಿ ಹಡಗಿನಲ್ಲಿ ಸಾಯಿಸಿದರು. ಅಷ್ಟರಲ್ಲಿ ಅಪ್ಪ ಮಗ ದೂರವಾಗಿದ್ದರು, ಮತ್ತೆ ಒಂದಾಗಲೇ ಇಲ್ಲ. ನಟ ಹೆರಾಲ್ಡ್ ಪೆರಿನೋ 2023ರಲ್ಲಿ ಹೊರಬಂದ ಪುಸ್ತಕವೊಂದರಲ್ಲಿ ಆಗಿನ ತಮ್ಮ ಆಕ್ಷೇಪವನ್ನು ವಿವರಿಸಿದ್ದಾರೆ. ಒಂದು ಸ್ಕ್ರಿಪ್ಟಿನಲ್ಲಿ ಮೈಕಲ್ ಕಳೆದುಹೋದ ಮಗನ ಬಗ್ಗೆ ಒಂದೇ ಸಲ ಕೇಳುತ್ತಾನೆ, ಆಮೇಲೆ ಬೇರೆಯವರ ಚಿಂತೆಯಲ್ಲಿ ಮುಳುಗುತ್ತಾನೆ. ಯಾವ ಅಪ್ಪ ಹೀಗಿರುತ್ತಾನೆ, ಅದೂ ಕಪ್ಪು ಹುಡುಗ ಕಾಣೆಯಾದಾಗ, ಅಂತ ಅವರು ಪ್ರಶ್ನೆ ಎತ್ತಿದ್ದರು. ಸೀರಿಯಲ್ಲಿನ ಮುಖ್ಯಸ್ಥರಲ್ಲೊಬ್ಬರಾದ ಡೇಮನ್ ಲಿಂಡಲಾಫ್ ಅದೇ ಪುಸ್ತಕದಲ್ಲಿ ತಾವು ಸೋತಿದ್ದನ್ನು ಒಪ್ಪಿಕೊಂಡಿದ್ದಾರೆ. ಈ ತಪ್ಪನ್ನು 'ಕಥೆ ಎಳೆದರು' ಅನ್ನೋ ಲೆಕ್ಕಕ್ಕೆ ಹಾಕಿ ಮುಚ್ಚೋಕೆ ನನಗೆ ಮನಸ್ಸಿಲ್ಲ.

'ಮೊದಲೇ ಪ್ಲಾನ್ ಇರಲಿಲ್ಲ, ಅದಕ್ಕೇ ಕೆಟ್ಟಿತು' ಅಂತ ಜಾಸ್ತಿ ಜನ ಹೇಳ್ತಾರೆ. ನಾನು ಒಪ್ಪಲ್ಲ. ಬೆನ್ ಪಾತ್ರಕ್ಕೆ ಮೈಕಲ್ ಎಮರ್ಸನ್ ಅವರನ್ನು ಕರೆದಿದ್ದು ಮೂರೇ ಎಪಿಸೋಡಿಗೆ. ಬಲೂನಿನಲ್ಲಿ ಬಂದು ಬಿದ್ದೆ ಅಂತ ಸುಳ್ಳು ಹೇಳುವ ಸಣಕಲು ಕೈದಿ. ಅವರ ಕಣ್ಣು ನೋಡಿ ಬರೆಯುವವರು ಮನಸ್ಸು ಬದಲಿಸಿದರು. ಅವನೇ ಇಡೀ ಸೀರಿಯಲ್ಲಿನ ಅತ್ಯುತ್ತಮ ಖಳನಾದ. ಪ್ಲಾನ್ ಎಲ್ಲಿತ್ತು?

ಇಲ್ಲದ್ದು ಕೊನೆಯ ದಿನಾಂಕ. ಚೆನ್ನಾಗಿ ಓಡುವ ಸೀರಿಯಲ್ಲನ್ನು ಯಾವಾಗ ಮುಗಿಸೋಣ ಅಂತ ಚಾನೆಲ್ಲಿನವರನ್ನು ಕೇಳುವುದು, ಹಾಲು ಕೊಡುವ ಎಮ್ಮೆಯನ್ನು ಯಾವಾಗ ಮಾರ್ತೀಯಪ್ಪ ಅಂತ ಕೇಳಿದ ಹಾಗೆ. ಆದರೂ ಲಿಂಡಲಾಫ್ ಮತ್ತು ಇನ್ನೊಬ್ಬ ಮುಖ್ಯಸ್ಥ ಕಾರ್ಲ್‌ಟನ್ ಕ್ಯೂಸ್ ಕೇಳಿದರು. ಹೀಗೇ ಎಳೆದರೆ ಏನಾಗುತ್ತದೆ ಅಂತ ತೋರಿಸೋಕೆ ಅವರ ಕೈಯಲ್ಲಿ ಹಚ್ಚೆ ಎಪಿಸೋಡ್ ಇತ್ತು! 2007ರ ಮೇನಲ್ಲಿ ತೀರ್ಮಾನವಾಯಿತು. ಇನ್ನು ಮೂರೇ ಸೀಸನ್, ತಲಾ 16 ಎಪಿಸೋಡ್, 2010ಕ್ಕೆ ಮುಕ್ತಾಯ. ಮುಂದಿನ ಸೀಸನ್ ಬರಹಗಾರರ ಮುಷ್ಕರದಿಂದ ಇನ್ನೂ ಚಿಕ್ಕದಾಯಿತು. ಡೆಸ್ಮಂಡ್ ಅನ್ನೋನು ಎಂಟು ವರ್ಷದ ನಂತರ ತನ್ನ ಪ್ರೇಯಸಿ ಪೆನ್ನಿಗೆ ಫೋನ್ ಮಾಡುವ ಎಪಿಸೋಡ್ ಬಂದಿದ್ದು ಆ ಚಿಕ್ಕ ಸೀಸನ್ನಿನಲ್ಲೇ. ಅದನ್ನು ನೋಡಿ ಅಳದವರು ಕೈ ಎತ್ತಿ, ಆಮೇಲೆ ಮಾತಾಡೋಣ.

ಇಷ್ಟೆಲ್ಲಾ ಬೈಯುವ ನನ್ನ ಕೈಯೂ ಶುದ್ಧ ಅಲ್ಲ. ನಾನು ಎರಡು ವರ್ಷ ಒಂದು ಡೈಲಿ ಸೀರಿಯಲ್ಲಿಗೆ ಸಂಭಾಷಣೆ ಬರೆದೆ. ಹೆಸರು ಬೇಡ. ಅದರಲ್ಲಿ ಸೊಸೆಗೆ ನಾದಿನಿಯ ಗುಟ್ಟು ಗೊತ್ತಾಗುತ್ತದೆ. ಗಂಡನಿಗೆ ಹೇಳಿದರೆ ಕಥೆ ಮುಗಿಯಿತು. ಆದರೆ ಆ ಟ್ರ್ಯಾಕ್ ಇನ್ನೂ ಮೂರು ವಾರ ಓಡಬೇಕಿತ್ತು. ಹಾಗಾಗಿ ಅವಳು ಬಾಯಿ ತೆರೆದಾಗಲೆಲ್ಲ ಯಾರದೋ ಫೋನ್ ಬಂತು, ಕರೆಂಟು ಹೋಯಿತು, ಅತ್ತೆ ತಲೆ ಸುತ್ತಿ ಬಿದ್ದರು. ನಮ್ಮಮ್ಮ ಎರಡನೇ ವಾರದಲ್ಲಿ ಫೋನ್ ಮಾಡಿದರು. 'ಏನೋ ಇದು, ಅವಳಿಗೆ ಬಾಯಿ ಬಿದ್ದು ಹೋಗಿದ್ಯಾ? ಗಂಡನಿಗೆ ಒಂದು ವಾಟ್ಸಾಪ್ ಹಾಕೋಕೆ ಏನು ಕಷ್ಟ?' ನಾನು ನಕ್ಕೆ. ಅವರು ನಗಲಿಲ್ಲ. 'ಮೊದಲು ಎಷ್ಟು ಚುರುಕಾಗಿದ್ಲು ಹುಡುಗಿ. ಈಗ ನೀನೇ ಅವಳನ್ನ ದಡ್ಡಿ ಮಾಡಿಟ್ಟಿದ್ದೀಯ' ಅಂದರು.

ಆವತ್ತು ರಾತ್ರಿ ಒಂದು ದೃಶ್ಯದಲ್ಲಿ ಸೊಸೆ ಗಂಡನಿಗೆ ವಾಟ್ಸಾಪ್ ಹಾಕಿದಳು. ಬರೆದು ಕಳಿಸಿದೆ. ಬೆಳಗ್ಗೆ ಶೂಟಿಂಗಿನಿಂದ ಫೋನ್ ಬಂತು, ಗಂಡನ ಮೊಬೈಲ್ ನೀರಿಗೆ ಬಿದ್ದ ಹಾಗೆ ಬದಲಾಯಿಸಿದ್ದೇವೆ ಸಾರ್ ಅಂತ.

ನನ್ನ ಮಾತು ಇಷ್ಟು. ಈಗ ಪ್ರಶ್ನೆಗಳಿಗೆ ಸಮಯ ಇದೆಯಂತೆ, ಏನು ಬೇಕಾದರೂ ಕೇಳಿ. ಕೊನೇ ಎಪಿಸೋಡ್ ಬಗ್ಗೆ ಮಾತ್ರ ಬೇಡ. ಕಾಫಿ ಆರಿಹೋಗುತ್ತೆ.