ಬಿಷಪ್ ಆಂಡ್ರೂಸರ ಪ್ರಾರ್ಥನೆಯ ಪಟ್ಟಿ

ಕೇಳುಗರಿಗೆ ನಮಸ್ಕಾರ.

17ನೇ ಶತಮಾನದ ಇಂಗ್ಲೆಂಡಿನಲ್ಲಿ ಆಂಗ್ಲಿಕನ್, ಅಂದರೆ ಇಂಗ್ಲೆಂಡಿನ ಅಧಿಕೃತ ಚರ್ಚಿನ, ಪಾದ್ರಿಗಳಿಗೆ ಬೆಳಗಿನ ಪ್ರಾರ್ಥನೆ, ಸಂಜೆಯ ಪ್ರಾರ್ಥನೆ ಎರಡೂ ನಿತ್ಯವಿಧಿ. ಚರ್ಚಿನಲ್ಲಿ ಆಗದಿದ್ದರೆ ಮನೆಯಲ್ಲಿ ಒಬ್ಬರೇ ಕೂತಾದರೂ ಹೇಳಬೇಕಿತ್ತು. ಬೈಬಲಿನ 150 ಕೀರ್ತನೆಗಳನ್ನು 30 ದಿನಕ್ಕೆ ಹಂಚಿ, ಬೆಳಗು ಸಂಜೆ ಸೇರಿ 60 ಪಾಲು ಮಾಡಿದ್ದರು. ಪಾಲುಗಳೇನೂ ಸಮವಲ್ಲ. 15ರ ಸಂಜೆಗೆ 78ನೇ ಕೀರ್ತನೆ ಒಂದೇ, ಆದರೆ ಅದರಲ್ಲಿ 70ಕ್ಕೂ ಹೆಚ್ಚು ವಚನ. 176 ವಚನಗಳ 119ನೇ ಕೀರ್ತನೆಯನ್ನು 24ರ ಸಂಜೆ ಹಿಡಿದರೆ ಮುಗಿಯುವುದು 26ರ ಸಂಜೆಗೆ.

ವಿಧಿ ಮುಗಿಸಿ ಕೋಣೆಯ ಬಾಗಿಲು ಹಾಕಿಕೊಂಡ ಮೇಲಿನದೇ ಕಷ್ಟ. ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲಿನ ಡೀನ್ (ಮುಖ್ಯ ಪಾದ್ರಿ), ಕವಿ ಜಾನ್ ಡನ್ 1626ರ ಡಿಸೆಂಬರಿನ ಪ್ರಸಂಗವೊಂದರಲ್ಲಿ ಅದನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರು. ದೇವರನ್ನೂ ದೇವದೂತರನ್ನೂ ಕೋಣೆಗೆ ಕರೆಯುತ್ತೇನೆ; ಅವರು ಬಂದಾಗ ನೊಣದ ಸದ್ದಿಗೋ, ಗಾಡಿಯ ಗಡಗಡಕ್ಕೋ, ಬಾಗಿಲಿನ ಕಿರುಗುಟ್ಟುವಿಕೆಗೋ ಕಿವಿಗೊಟ್ಟು ಅವರನ್ನೇ ಮರೆಯುತ್ತೇನೆ ಎಂದು. ಮೊಣಕಾಲಿನಡಿ ಒಂದು ಹುಲ್ಲುಕಡ್ಡಿ ಚುಚ್ಚಿದರೂ ಸಾಕಂತೆ!

ಅದೇ ವರ್ಷದ ಸೆಪ್ಟೆಂಬರಿನಲ್ಲಿ ತೀರಿಕೊಂಡ ವಿಂಚೆಸ್ಟರಿನ ಬಿಷಪ್ ಲಾನ್ಸೆಲಾಟ್ ಆಂಡ್ರೂಸ್ ತಮ್ಮ ಬಳಕೆಗೆಂದೇ ಒಂದು ಪ್ರಾರ್ಥನಾ ಹಸ್ತಪ್ರತಿ ಬರೆದಿಟ್ಟುಕೊಂಡಿದ್ದರು. ಬಹುಪಾಲು ಗ್ರೀಕ್; ಜೊತೆಗೆ ಹೀಬ್ರೂ, ಲ್ಯಾಟಿನ್. ಸ್ವಂತ ಮಾತು ಕಡಿಮೆ, ಬೈಬಲಿನಿಂದಲೂ ಪ್ರಾಚೀನ ಗ್ರೀಕ್ ಆರಾಧನಾ ಪಾಠಗಳಿಂದಲೂ ಆಯ್ದದ್ದೇ ಹೆಚ್ಚು. ವಾರದ ಒಂದೊಂದು ದಿನಕ್ಕೂ ಸೃಷ್ಟಿಯ ಒಂದೊಂದು ದಿನ: ಭಾನುವಾರ ಬೆಳಕು, ಸೋಮವಾರ ಆಕಾಶ, ಮಂಗಳವಾರ ನೆಲ ಮತ್ತು ಗಿಡಮರ. ಹೀಗೆ ಶುರುಮಾಡಿ ಪಾಪದ ಅರಿಕೆ, ಕೃಪೆಯ ಬೇಡಿಕೆ, ನಂಬಿಕೆಯ ಪ್ರಮಾಣ, ಇತರರಿಗಾಗಿ ವಿಜ್ಞಾಪನೆ, ಕೊನೆಗೆ ಸ್ತೋತ್ರ.

ಇತರರಿಗಾಗಿ ಬೇಡುವ ಭಾಗವೇ ನನಗೆ ಬಹಳ ಹಿಡಿಸುವುದು. ‘ಎಲ್ಲರನ್ನೂ ಕಾಪಾಡು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದರೆ ಮನಸ್ಸು ಜಾರಿಹೋಗಲು ದಾರಿ ಸಲೀಸು. ಆಂಡ್ರೂಸರು ಒಂದೊಂದನ್ನೂ ಎಣಿಸುತ್ತಾರೆ: ದೀಕ್ಷಾಸ್ನಾನ ಪಡೆದ ಚರ್ಚು, ಓದಿದ ಎರಡು ಶಾಲೆ, ಕಾಲೇಜು, ಪಾದ್ರಿಯಾಗಿದ್ದ ಸೇಂಟ್ ಜೈಲ್ಸ್, ಬಿಷಪ್ ಆಗಿದ್ದ ಚಿಚೆಸ್ಟರ್, ಈಲಿ. ಸಾಲುಗಳೂ ಚಿಕ್ಕವು, ಒಂದರ ಕೆಳಗೊಂದು, ಕವಲೊಡೆದಂತೆ. ಒಂದೊಂದು ಸಾಲಿನಲ್ಲೂ ನಿಂತು ಮುಂದೆ ಹೋಗಬೇಕು. ಇದನ್ನು ಗದ್ಯದ ಹಾಗೆ ಒಟ್ಟಾಗಿ ಅಚ್ಚು ಹಾಕಿದರೆ ಆ ನಿಲುಗಡೆಗಳೇ ಕಾಣೆಯಾಗಿ, ಬರೀ ಹೆಸರುಗಳ ಉದ್ದನೆಯ ಸಾಲು ಉಳಿಯುತ್ತದೆ.

ದಿನಕ್ಕೆ ಐದು ಗಂಟೆಗಳ ಬಹುಭಾಗ ಪ್ರಾರ್ಥನೆಯಲ್ಲೇ ಕಳೆಯುತ್ತಿದ್ದರೆಂದು ಅವರ ಶವಸಂಸ್ಕಾರದ ಪ್ರಸಂಗದಲ್ಲಿ ಬಿಷಪ್ ಬಕರಿಜ್ ಹೇಳಿದರು. ಮಧ್ಯಾಹ್ನಕ್ಕೆ ಮೊದಲು ಯಾರಾದರೂ ಮಾತಾಡಲು ಬಂದರೆ ಆಂಡ್ರೂಸರಿಗೆ ಸಿಟ್ಟಂತೆ. 1648ರಲ್ಲಿ ಈ ಪ್ರಾರ್ಥನೆಗಳನ್ನು ಇಂಗ್ಲಿಷಿಗೆ ತಂದ ರಿಚರ್ಡ್ ಡ್ರೇಕ್, ಹಸ್ತಪ್ರತಿ ಕೈತಾಗಿ ಸವೆದು ಕಣ್ಣೀರಿನಿಂದ ನೆನೆದಿತ್ತು ಎಂದು ಬರೆದರು. ಕಣ್ಣೀರಿನ ಮಾತಿನಲ್ಲಿ ಭಕ್ತರ ಉತ್ಪ್ರೇಕ್ಷೆಯೂ ಇದ್ದೀತು. ಸವೆದದ್ದನ್ನು ಮಾತ್ರ ಸುಲಭವಾಗಿ ನಂಬಬಹುದು. ಸಾಯುವ ಸ್ವಲ್ಪ ಮುಂಚೆ ಅವರು ಒಂದು ಪ್ರತಿಯನ್ನು, ಮುಂದೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದ ವಿಲಿಯಂ ಲಾಡ್ ಅವರ ಕೈಗಿತ್ತಿದ್ದರು. ಗ್ರೀಕ್ ಪಾಠ ಆಕ್ಸ್‌ಫರ್ಡಿನಲ್ಲಿ ಅಚ್ಚಾದದ್ದು 1675ರಲ್ಲಿ.