ಸೂಜಿ ಚುಚ್ಚಿದಷ್ಟೇ ಗಾಯ

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಪೇಂಟ್ ಹೊಡೆಯುವವರಿಗೆ, ಅವರನ್ನು ಕೆಲಸಕ್ಕೆ ಕರೆಯುವ ಮೇಸ್ತ್ರಿಗಳಿಗೆ. ಮಷಿನ್ನಿನ ಒತ್ತಡಕ್ಕೆ ಬಣ್ಣ ಚರ್ಮದೊಳಗೆ ಹೊಕ್ಕು ಆಗುವ ಗಾಯದ ಬಗ್ಗೆ.

ಕಾರಿನ ಟೈರಿಗೆ ಗಾಳಿ ಹಾಕಿಸುವಾಗ ಮೀಟರಿನಲ್ಲಿ 30ರ ಆಸುಪಾಸು ನೋಡಿರುತ್ತೀರಿ, ಅಲ್ವಾ? ದೊಡ್ಡ ಕಟ್ಟಡಗಳಿಗೆ ಬಣ್ಣ ಹೊಡೆಯುವ, ಗಾಳಿ ಬೆರೆಸದೆ ಬಣ್ಣವನ್ನೇ ಒತ್ತಿ ಚಿಮ್ಮಿಸುವ ಏರ್‌ಲೆಸ್ ಮಷಿನ್‌ನಲ್ಲಿ ಅದೇ ಒತ್ತಡ 3000 ಮುಟ್ಟುತ್ತದೆ. ಚರ್ಮ ತೂತಾಗಲು 100 ಸಾಕು. ಗ್ಯಾರೇಜಿನಲ್ಲಿ ಕಾರಿಗೆ ಹೊಡೆಯುವ ಮಾಮೂಲಿ ಗನ್ನಿಗೆ ಇಷ್ಟು ಒತ್ತಡ ಇರುವುದಿಲ್ಲ. ಅದು ಕೈಗೆ ರೂಢಿಯಾದವರು ಇದನ್ನೂ ಅದೇ ಸಲೀಸಿನಲ್ಲಿ ಹಿಡಿದುಬಿಡುತ್ತಾರೆ.

ಆಗುವುದು ಹೀಗೆ. ಗನ್ನಿನ ತುದಿಯ ನಾಜಲ್ ಕಟ್ಟಿಕೊಳ್ಳುತ್ತದೆ, ಬಲಗೈಯಲ್ಲಿ ಗನ್ ಇರುತ್ತದೆ, ಎಡಗೈ ತೋರುಬೆರಳಿನಿಂದ ತುದಿ ಒರೆಸುತ್ತಾರೆ, ಅಷ್ಟರಲ್ಲಿ ಟ್ರಿಗರ್ ಒತ್ತಿಹೋಗುತ್ತದೆ. ಗ್ಲೌಸ್ ಇದನ್ನು ತಡೆಯುವುದಿಲ್ಲ. ಗಾಯ ನೋಡಿದರೆ ಒಂದು ಚುಕ್ಕೆ. ರಕ್ತ ಇಲ್ಲ, ಮೊದಮೊದಲು ನೋವೂ ಅಷ್ಟಕ್ಕಷ್ಟೇ. ಒಳಗೆ ಮಾತ್ರ ಬಣ್ಣ ನರಗಳ ಗುಂಟ ಅಂಗೈವರೆಗೂ ಹೋಗಿರಬಹುದು. ಬೆರಳಲ್ಲಿ ಊದಿಕೊಳ್ಳಲು ಜಾಗವೇ ಇಲ್ಲ, ಹಾಗಾಗಿ ರಕ್ತದ ಓಡಾಟ ನಿಲ್ಲುತ್ತದೆ, ಥಿನ್ನರ್ ಮಾಂಸವನ್ನು ಸುಡುತ್ತಾ ಹೋಗುತ್ತದೆ. ನೀರಿನ ಪೇಂಟ್ ಆದರೆ ಬೆರಳು ಉಳಿಯುವ ಆಸೆ ಜಾಸ್ತಿ. ಆಯಿಲ್ ಪೇಂಟ್, ಥಿನ್ನರ್ ಹೊಕ್ಕರೆ ಬೆರಳು ತೆಗೆಯಬೇಕಾಗಿ ಬರುವುದು ಅಪರೂಪವೇನಲ್ಲ.

ಮೋಟರ್ ಆಫ್ ಮಾಡಿದ್ದೀನಿ ಅಂತ ನಂಬಬೇಡಿ, ಪೈಪಿನಲ್ಲಿ ಒತ್ತಡ ಹಾಗೇ ಕೂತಿರುತ್ತದೆ. ಒತ್ತಡ ಬಿಡುವ ವಾಲ್ವ್ ತೆರೆದು, ಗನ್ನನ್ನು ಬಕೆಟ್ಟಿನೊಳಗೆ ಒತ್ತಿ ಖಾಲಿ ಮಾಡಿ, ಟ್ರಿಗರ್ ಲಾಕ್ ಹಾಕಿ. ಆಮೇಲೆ ನಾಜಲ್ಲಿಗೆ ಕೈ ಹಾಕಿ. ಎರಡು ನಿಮಿಷದ ಕೆಲಸ, ಆದರೆ ಮೇಸ್ತ್ರಿ ತಲೆ ಮೇಲೆ ನಿಂತು ಅವಸರ ಮಾಡಿದರೆ ಯಾರು ಮಾಡುತ್ತಾರೆ ಹೇಳಿ!

ಅಕಸ್ಮಾತ್ ಆಗಿಯೇ ಹೋಯಿತು ಅಂದುಕೊಳ್ಳಿ. ಅರಿಶಿನ ಒತ್ತಿ ಸುಮ್ನೆ ಕೂರಬೇಡಿ, ಹಿಂಡಿ ತೆಗೆಯಲು ನೋಡಬೇಡಿ, ಐಸ್ ಇಡಬೇಡಿ. ಉಂಗುರ ಇದ್ದರೆ ಕೂಡಲೇ ಬಿಚ್ಚಿ, ಕೈ ಮೇಲೆತ್ತಿ ಹಿಡಿದು, ಆಪರೇಷನ್ ಮಾಡುವ ಆಸ್ಪತ್ರೆಗೆ ಹೊರಡಿ. 6 ಗಂಟೆಯೊಳಗೆ ಆಪರೇಷನ್ ಮಾಡಿ ಬೆರಳು ಕೊಯ್ದು ಒಳಗಿನ ಬಣ್ಣ ತೊಳೆದರೆ ಉಳಿಯುವ ಸಾಧ್ಯತೆ ಹೆಚ್ಚು. ದಾರಿಯಲ್ಲಿ ಕಾಫಿ, ತಿಂಡಿ ಬೇಡ, ಅರಿವಳಿಕೆ ಕೊಡಬೇಕಾಗುತ್ತದೆ. ಇಂಥ ಗಾಯವನ್ನು ಎಲ್ಲ ಡಾಕ್ಟರೂ ನೋಡಿರುವುದಿಲ್ಲ, ಟಿಟಿ ಕೊಟ್ಟು ಮನೆಗೆ ಕಳಿಸಿಬಿಡುವುದೂ ಉಂಟು. ಅದಕ್ಕೇ, ಮಷಿನ್ನಿನ ಒತ್ತಡಕ್ಕೆ ಬಣ್ಣ ಒಳಗೆ ಹೊಕ್ಕಿದೆ ಅಂತ ಬಾಯಿಬಿಟ್ಟು ಹೇಳಿ. ಯಾವ ಪೇಂಟ್ ಅಂತ ಕೇಳುತ್ತಾರೆ. ಡಬ್ಬ ಹೊತ್ತೊಯ್ಯಲು ಆಗದಿದ್ದರೆ ಅದರ ಲೇಬಲ್ಲಿನ ಫೋಟೋ ಹೊಡೆದುಕೊಂಡು ಹೋಗಿ.